ಮಾನ್‌ಸ್ಟರ್‌ಗೆ ಬುದ್ಧಿ ಇರಬೇಕಾ, ಅಥವಾ ನಮಗೆ ಅದು ಅರ್ಥವಾದರೆ ಸಾಕಾ?

ಒಂಟಿಸಲಗ:
ಇದನ್ನು ದೂರು ಅಂದುಕೊಂಡರೂ ಸರಿ, ಪ್ರಶ್ನೆ ಅಂದುಕೊಂಡರೂ ಸರಿ.

ಮೂರು ತಿಂಗಳಿಂದ ಒಂದು ಆನ್‌ಲೈನ್ ಆರ್‌ಪಿಜಿ (ಒಂದು ಪಾತ್ರವನ್ನು ಬೆಳೆಸುತ್ತಾ ಹೋಗುವ ಆಟ) ಆಡುತ್ತಿದ್ದೇನೆ. ಹೆಸರು ಬೇಡ, ಹೇಳಿದರೆ ಅದರ ಅಭಿಮಾನಿಗಳು ಬಂದು ಚರ್ಚೆ ದಾರಿ ತಪ್ಪುತ್ತದೆ. ಗ್ರಾಫಿಕ್ಸ್ ಚೆನ್ನಾಗಿದೆ, ಕಥೆ ಪರವಾಗಿಲ್ಲ, ಜೊತೆಗಾರರೂ ಒಳ್ಳೆಯವರು. ಆದರೆ ಹೊಡೆದಾಟ ಶುರುವಾದ ಕೂಡಲೇ ಆಕಳಿಕೆ ಬರುತ್ತದೆ. ತೋಳ ಬಂತು: ಕೀಬೋರ್ಡಿನ ಒಂದು, ಎರಡು, ಮೂರು, ನಾಲ್ಕು, ಮತ್ತೆ ಒಂದು. ಸತ್ತಿತು. ಡಕಾಯಿತ ಬಂದ: ಅದೇ. ಮಂತ್ರವಾದಿ ಬಂದ: ಅದೇ, ಅವನ ಕೈಯಲ್ಲಿ ಸ್ವಲ್ಪ ಬೆಳಕು, ಅಷ್ಟೇ. ಮೂವರೂ ನನ್ನ ಎದುರು ಕಂಬದ ಹಾಗೆ ನಿಂತು ಎರಡು ಸೆಕೆಂಡಿಗೊಮ್ಮೆ ಕೈ ಬೀಸುತ್ತಾರೆ.

ನಿನ್ನೆ ಒಂದು ಕ್ವೆಸ್ಟ್‌ಗೆ, ಅಂದರೆ ಆಟ ಕೊಟ್ಟ ಕೆಲಸಕ್ಕೆ, ನಲವತ್ತು ತೋಳ ಹೊಡೆಯಬೇಕಿತ್ತು. ಪಕ್ಕದ ಪರದೆಯಲ್ಲಿ ವಿಡಿಯೋ ಹಾಕಿಕೊಂಡಿದ್ದೆ. ವಿಡಿಯೋ ಮುಗಿದ ಮೇಲೆ ತಿರುಗಿ ನೋಡಿದರೆ ಐವತ್ತೆರಡು ತೋಳ ಸತ್ತಿದ್ದವು. ನಲವತ್ತು ದಾಟಿದ್ದೇ ಗೊತ್ತಾಗಿರಲಿಲ್ಲ.

ಈಗಿನ ಕಂಪ್ಯೂಟರ್‌ಗಳಲ್ಲಿ ಏನೇನೋ ಮಾಡುತ್ತಾರಲ್ಲ, ಒಂದು ತೋಳಕ್ಕೆ ಸ್ವಲ್ಪ ಬುದ್ಧಿ ಕೊಡುವುದು ಅಷ್ಟು ಕಷ್ಟವಾ? ನಿಮಗೆ ಯಾವ ಆಟದ ಹೊಡೆದಾಟ ಇಷ್ಟವಾಯಿತು, ಯಾಕೆ?

ಗುರಾಣಿಗಾರ:
ಡಿಫಿಕಲ್ಟಿ ಜಾಸ್ತಿ ಮಾಡಿಕೊಳ್ಳಿ. ಮುಗೀತು.

ಒಂಟಿಸಲಗ:
ಮಾಡಿ ನೋಡಿದೆ ಬಾಸ್. ತೋಳದ ಹೆಲ್ತ್ ಡಬಲ್ ಆಯಿತು. ಒಂದು ವಿಡಿಯೋ ನೋಡುವ ಕಡೆ ಎರಡು ನೋಡಿದೆ.

ಗುರಾಣಿಗಾರ:
ಆಟದಲ್ಲಿ ಬಾಸ್ ಅಂದರೆ ದೊಡ್ಡ ಮಾನ್‌ಸ್ಟರ್. ಇಲ್ಲಿ ಯಾರನ್ನೂ ಹಾಗೆ ಕರೀಬೇಡಿ, ಇಪ್ಪತ್ತು ಜನ ಸೇರಿ ಹೊಡೆಯೋಕೆ ಬರ್ತಾರೆ.

ಕೋಡ್‌ಕೀಟ:
ಗೇಮ್ ಕೋಡ್ ಬರೆಯುವುದೇ ನನ್ನ ಕೆಲಸ, ಆದ್ದರಿಂದ ಸ್ವಲ್ಪ ಉದ್ದ ಆಗುತ್ತದೆ.

ಬುದ್ಧಿವಂತ ಶತ್ರುವನ್ನು ಮಾಡುವುದು ಅಷ್ಟೇನೂ ಕಷ್ಟವಲ್ಲ. ನೀವು ಸೋಲುವಂಥ ಶತ್ರು ಬೇಕೆಂದರೆ ಒಂದು ಮಧ್ಯಾಹ್ನದಲ್ಲಿ ಬರೆದುಕೊಡುತ್ತೇನೆ. ಮೊದಲ ಸಾಲು ಏನು ಗೊತ್ತಾ? "ಹೀಲರ್‌ನ ಮೊದಲು ಕೊಲ್ಲು." ಅದೊಂದು ಸಾಲು ಬಂದರೆ ಏಟು ತಿನ್ನುವ ಟ್ಯಾಂಕ್, ಜೊತೆಗಾರರಿಗೆ ಮದ್ದು ಹಾಕುವ ಹೀಲರ್, ಶತ್ರುವನ್ನು ಹೊಡೆಯುವ ಡ್ಯಾಮೇಜ್ ಎಂಬ ಮೂರು ಕಾಲಿನ ಸ್ಟೂಲ್ ಅಲ್ಲೇ ಬೀಳುತ್ತದೆ. ಈ ಪದ್ಧತಿ ನಿಂತಿರುವುದೇ ಶತ್ರುವಿನ ದಡ್ಡತನದ ಮೇಲೆ.

ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ತೆಗೆದುಕೊಳ್ಳಿ. ಪ್ರತಿ ಮಾನ್‌ಸ್ಟರ್ ಹತ್ತಿರ ಒಂದು ಪಟ್ಟಿ ಇರುತ್ತದೆ: ಯಾರು ನನಗೆ ಎಷ್ಟು ಕಾಟ ಕೊಟ್ಟರು ಅಂತ. ಪಟ್ಟಿಯಲ್ಲಿ ಟ್ಯಾಂಕ್ ಮೇಲಿದ್ದಾನೆ. ನೀವು ಅವನನ್ನು ಸ್ವಲ್ಪ ದಾಟಿದ ಮಾತ್ರಕ್ಕೆ ಅದು ನಿಮ್ಮ ಕಡೆ ತಿರುಗುವುದಿಲ್ಲ. ಹತ್ತಿರ ನಿಂತಿದ್ದರೆ ಅವನ ಲೆಕ್ಕದ 110% ದಾಟಬೇಕು, ದೂರದಲ್ಲಿದ್ದರೆ 130%. ಅಂದರೆ ದೂರ ನಿಂತ ಮಂತ್ರವಾದಿಗೆ ರಿಯಾಯಿತಿ ಜಾಸ್ತಿ. ನಿಜವಾದ ತೋಳ ಇಷ್ಟು ಲೆಕ್ಕ ಹಾಕುತ್ತದಾ? ಇಲ್ಲ. ಇದು ಆಟಗಾರರಿಗಾಗಿ ಮಾಡಿದ ಒಪ್ಪಂದ.

ಇನ್ನೊಂದು ಕಾರಣ ಸರ್ವರ್. ಒಂದೇ ಲೋಕದಲ್ಲಿ ಸಾವಿರಾರು ಮಾನ್‌ಸ್ಟರ್. ಪ್ರತಿಯೊಂದೂ ದಾರಿ ಹುಡುಕಿ, ಅಡಗಿ, ಯೋಚಿಸಿ ನಡೆದರೆ ಸರ್ವರ್‌ಗೆ ಉಸಿರು ಕಟ್ಟುತ್ತದೆ. ಹಾಗಾಗಿ ಹೆಚ್ಚಿನವು ನಿಲ್ಲು, ನೋಡು, ಓಡಿಬಾ, ಹೊಡಿ, ದೂರ ಹೋದರೆ ವಾಪಸ್ ಹೋಗು ಅನ್ನುವ ಐದು ಸ್ಥಿತಿಗಳಲ್ಲೇ ಬದುಕು ಮುಗಿಸುತ್ತವೆ.

ಮದ್ದುಡಬ್ಬಿ:
"ಹೀಲರ್‌ನ ಮೊದಲು ಕೊಲ್ಲು" ಅಂತ ಇಷ್ಟು ಸಲೀಸಾಗಿ ಹೇಳಿಬಿಟ್ಟಿರಲ್ಲ 😒

ಗುರಾಣಿಗಾರ:
ಕೋಡ್‌ಕೀಟ ಸಾರ್ ಹೇಳಿದ್ದು ಸರಿ, ಆದರೆ ಆ ದಡ್ಡತನವೇ ನನ್ನ ಆಟ. ಮೊದಲೆಲ್ಲ ಟ್ಯಾಂಕ್ ಆದವನು ಅಗ್ರೋ, ಅಂದರೆ ಮಾನ್‌ಸ್ಟರ್‌ನ ಸಿಟ್ಟು, ತನ್ನ ಮೇಲೆ ಹಿಡಿದುಕೊಳ್ಳಲು ಒದ್ದಾಡಬೇಕಿತ್ತು. ಜೊತೆಗಿದ್ದವರು ಐದು ಸೆಕೆಂಡ್ ಕೈ ಕಟ್ಟಿ ಕಾಯುತ್ತಿದ್ದರು. ಒಬ್ಬ ಅವಸರ ಮಾಡಿದರೆ ಮಾನ್‌ಸ್ಟರ್ ಅವನ ಕಡೆ ತಿರುಗುತ್ತಿತ್ತು, ನಾನು ಟೌಂಟ್ ಹೊಡೆದು, ಅಂದರೆ ಅದನ್ನು ಕೆಣಕಿ, ಎಳೆದುಕೊಳ್ಳುತ್ತಿದ್ದೆ. ಅದರಲ್ಲಿ ಒಂದು ಜಗ್ಗಾಟ ಇತ್ತು. ಈಗ ಬಹಳ ಆಟಗಳಲ್ಲಿ ಟ್ಯಾಂಕ್ ಅಂತ ಒಂದು ಸ್ಟ್ಯಾನ್ಸ್ ಒತ್ತಿದರೆ ಸಾಕು, ಅದು ಅಂಟಿಕೊಂಡೇ ಇರುತ್ತದೆ. ನನಗೆ ಬೇಕಾದ್ದು ಜಾಣ ಶತ್ರು ಅಲ್ಲ. ನನ್ನ ಕೈ ತಪ್ಪಿ ಹೋಗಬಹುದಾದ ಶತ್ರು.

ಹಳೇಬೇರು:
1999ರಲ್ಲಿ ಎವರ್‌ಕ್ವೆಸ್ಟ್ ಆಡಿದವನು ನಾನು. ವಯಸ್ಸು ಕೇಳಬೇಡಿ.

ಅಲ್ಲಿಯ ಶತ್ರುಗಳಿಗೂ ಬುದ್ಧಿ ಅಂತ ಏನೂ ಇರಲಿಲ್ಲ. ಆದರೆ ಎರಡು ಅಭ್ಯಾಸ ಇತ್ತು. ಸಾಯುವ ಹಂತಕ್ಕೆ ಬಂದರೆ ಓಡುತ್ತಿದ್ದವು. ಓಡುವಾಗ ದಾರಿಯಲ್ಲಿ ಸಿಕ್ಕ ನೆಂಟರಿಷ್ಟರನ್ನೆಲ್ಲ ಕರೆದುಕೊಂಡು ವಾಪಸ್ ಬರುತ್ತಿದ್ದವು. ಅಷ್ಟೇ. ಆ ಎರಡೇ ಅಭ್ಯಾಸದಿಂದ ಪ್ರತಿ ಹೊಡೆದಾಟದ ಕೊನೇ ಹತ್ತು ಸೆಕೆಂಡ್ ಎದೆ ಹೊಡೆದುಕೊಳ್ಳುತ್ತಿತ್ತು. ಓಡುವ ಮೊದಲು ಕೊಲ್ಲಬೇಕು, ಇಲ್ಲವೇ ಕಾಲು ಕಟ್ಟಿ ಹಾಕುವ ಮಂತ್ರ ಉಳಿಸಿಕೊಂಡಿರಬೇಕು.

ನಾವು ಸೋತು ಓಡಿದರೆ ಹತ್ತು ಹದಿನೈದು ಮಾನ್‌ಸ್ಟರ್ ಸಾಲಾಗಿ ಹಿಂದೆ ಬರುತ್ತಿದ್ದವು. ಅದಕ್ಕೆ "ಟ್ರೇನ್" ಅಂತ ಹೆಸರು. ಜೋನ್ (ಆಟದ ಒಂದು ಪ್ರದೇಶ) ಬಾಗಿಲಲ್ಲಿ ನಿಂತವರಿಗೆ "ಟ್ರೇನ್ ಬರ್ತಿದೆ" ಅಂತ ಕೂಗುವುದು ಮರ್ಯಾದೆ. ಒಮ್ಮೆ ಕೂಗಲು ಮರೆತೆ. ಬಾಗಿಲಲ್ಲಿ ಕುಳಿತು ಸುಧಾರಿಸಿಕೊಳ್ಳುತ್ತಿದ್ದ ಇಡೀ ಗುಂಪು ಸತ್ತಿತು. ಒಂದು ವಾರ ಆ ಕಡೆ ತಲೆ ಹಾಕಲಿಲ್ಲ.

ರಾತ್ರಿಪಾಳಿ:
ಹಳೇಬೇರು ಅವರೇ, ನೀವು ನೆನಪು ಮಾಡಿಕೊಂಡು ಖುಷಿಪಡುತ್ತಿದ್ದೀರಿ. ಬಾಗಿಲಲ್ಲಿ ಸತ್ತವರನ್ನು ಯಾರಾದರೂ ಕೇಳಿದ್ದಾರಾ? ಬೇರೆಯವರ ತಪ್ಪಿಗೆ ನಾನು ಸಾಯುವುದು ಮಜಾ ಅಲ್ಲ, ಕಿರಿಕಿರಿ.

ಹಳೇಬೇರು:
ಒಪ್ಪಿದೆ. ಆದರೆ ಇಪ್ಪತ್ತು ವರ್ಷ ಕಳೆದರೂ ನೆನಪಿದೆ. ನಿಮ್ಮ ನಲವತ್ತು ತೋಳ ಮುಂದಿನ ವಾರಕ್ಕೆ ನೆನಪಿರುತ್ತದಾ?

ರಾತ್ರಿಪಾಳಿ:
ನನ್ನ ತೋಳ ಅಲ್ಲ ಸ್ವಾಮಿ, ಒಂಟಿಸಲಗ ಅವರದು.

ಕೋಡ್‌ಕೀಟ:
ಓಡಿ ಹೋಗುವ ಅಭ್ಯಾಸ ಒಳ್ಳೆಯ ಉದಾಹರಣೆ, ಯಾಕೆಂದರೆ ಕೋಡ್‌ನಲ್ಲಿ ಅದು ಏನೇನೂ ಅಲ್ಲ. ಹೆಲ್ತ್ ಇಷ್ಟಕ್ಕಿಂತ ಕಮ್ಮಿ ಆಯಿತಾ, ದಿಕ್ಕು ಬದಲಿಸು. ಆದರೆ ನೋಡುವವರಿಗೆ "ಹೆದರಿದೆ", "ಸಹಾಯ ಕರೆಯಲು ಹೋಗುತ್ತಿದೆ" ಅಂತ ಕಾಣುತ್ತದೆ. ಬುದ್ಧಿ ಮಾನ್‌ಸ್ಟರ್ ತಲೆಯಲ್ಲಿಲ್ಲ, ಆಡುವವರ ತಲೆಯಲ್ಲಿದೆ.

ಆನ್‌ಲೈನ್ ಆರ್‌ಪಿಜಿ ಅಲ್ಲದಿದ್ದರೂ 2005ರ ಶೂಟರ್ ಫಿಯರ್ ಬಗ್ಗೆ ಹೇಳಲೇಬೇಕು. ಅದರ ಸೈನಿಕರು ಒಳ್ಳೆಯ ಎಐ (ಶತ್ರುವನ್ನು ನಡೆಸುವ ಕೃತಕ ಬುದ್ಧಿ) ಅಂತ ಇವತ್ತಿಗೂ ಹೆಸರಾಗಿದ್ದಾರೆ. ಒಬ್ಬ ಸೈನಿಕ ಸುತ್ತು ಹಾಕಿ ಬಂದು ಪಕ್ಕದಿಂದ ಹೊಡೆಯುತ್ತಾನೆ. ಅದು ಹೆಚ್ಚಾಗಿ ಯೋಜನೆಯಲ್ಲ. ಅವನ ಮರೆ ಇನ್ನು ಸುರಕ್ಷಿತವಲ್ಲ, ಬೇರೆ ಮರೆ ಹುಡುಕಿಕೊಂಡು ಹೋಗುತ್ತಾನೆ, ಆ ದಾರಿ ನಿಮ್ಮ ಪಕ್ಕದಿಂದ ಹಾದುಹೋಗುತ್ತದೆ. ಆದರೆ ಅವರು ಒಬ್ಬರಿಗೊಬ್ಬರು ಕೂಗಿಕೊಳ್ಳುತ್ತಾರೆ. ಮೊದಲು ಆಗಿಹೋದ ತೀರ್ಮಾನ, ಆಮೇಲೆ ಅದಕ್ಕೊಂದು ಮಾತು. ನಮಗೆ ಕೇಳಿಸುವುದು ಮಾತ್ರ ಉಲ್ಟಾ: ಮಾತಾಡಿಕೊಂಡು ಮಾಡಿದರು ಅಂತ.

ಇನ್ನೂ ತಮಾಷೆ ಇದೆ. ಹೇಲೋ ಅನ್ನುವ ಶೂಟರ್ ಮಾಡಿದವರು 2002ರ ಗೇಮ್ ಡೆವಲಪರ್ಸ್ ಕಾನ್ಫರೆನ್ಸ್‌ನಲ್ಲಿ ಒಂದು ವಿಷಯ ಹೇಳಿದ್ದರು. ಅದೇ ಎಐ ಇಟ್ಟು ಶತ್ರುಗಳನ್ನು ಸುಲಭಕ್ಕೆ ಸಾಯದ ಹಾಗೆ ಮಾಡಿದಾಗ, ಆಡಿ ನೋಡಿದವರಲ್ಲಿ ಹೆಚ್ಚು ಜನ "ಇವು ಜಾಣ" ಅಂದರು.

ಒಂಟಿಸಲಗ:
ಒಂದು ನಿಮಿಷ. ನನ್ನ ತೋಳಕ್ಕೂ ಹೆಲ್ತ್ ಡಬಲ್ ಆಗಿತ್ತು. ಅದು ಜಾಣ ಅಂತ ನನಗೆ ಒಂದು ಕ್ಷಣವೂ ಅನ್ನಿಸಲಿಲ್ಲ.

ಕೋಡ್‌ಕೀಟ:
ಹೇಲೋ ಶತ್ರುಗಳಿಗೆ ತೋರಿಸಲು ಸರಕು ಇತ್ತು. ಅಡಗುತ್ತಿದ್ದವು, ಗ್ರೆನೇಡ್ ಕಂಡರೆ ಹಾರುತ್ತಿದ್ದವು, ನಾಯಕ ಸತ್ತರೆ ಚಿಕ್ಕವು ಕಿರುಚಿಕೊಂಡು ಓಡುತ್ತಿದ್ದವು. ಅರ್ಧ ಸೆಕೆಂಡಿನಲ್ಲಿ ಸತ್ತರೆ ಅದೆಲ್ಲ ಯಾರ ಕಣ್ಣಿಗೂ ಬೀಳುವುದಿಲ್ಲ. ನಿಮ್ಮ ತೋಳದ ಹತ್ತಿರ ಸರಕೇ ಇಲ್ಲ. ಅದಕ್ಕೆ ಆಯಸ್ಸು ಕೊಟ್ಟರೆ ಖಾಲಿ ಅಂಗಡಿಯನ್ನು ಇನ್ನೊಂದು ಗಂಟೆ ತೆರೆದಿಟ್ಟ ಹಾಗೆ.

ನೀಲಿಗರಿ:
ಎಲ್ಲರೂ ಬುದ್ಧಿ ಬುದ್ಧಿ ಅಂತೀರಿ. ನಾನು ಆಡಿದ ಅತಿ ಭಯಂಕರ ಹೊಡೆದಾಟದಲ್ಲಿ ಬುದ್ಧಿ ಸೊನ್ನೆ.

ರೂನ್‌ಸ್ಕೇಪ್‌ನ ಜ್ಯಾಡ್ ಅನ್ನುವ ಬಾಸ್. 2005ರಲ್ಲಿ ಬಂದಿದ್ದು. ಮೊದಲು 62 ಅಲೆ ಮಾನ್‌ಸ್ಟರ್‌ಗಳನ್ನು ಒಬ್ಬರೇ ಹೊಡೆಯಬೇಕು. 63ನೇ ಅಲೆಯಲ್ಲಿ ಇದು ಬರುತ್ತದೆ. ದೂರ ನಿಂತರೆ ಅದಕ್ಕೆ ಗೊತ್ತಿರುವುದು ಎರಡೇ ಹೊಡೆತ. ಹಿಂಗಾಲ ಮೇಲೆ ಎದ್ದು ನಿಂತರೆ ಬೆಂಕಿ ಉಂಡೆ, ಅದು ಮಂತ್ರ. ಮುಂಗಾಲು ನೆಲಕ್ಕೆ ಅಪ್ಪಳಿಸಿದರೆ ಮೇಲಿಂದ ಕಲ್ಲು, ಅದು ರೇಂಜ್. ಯಾವುದು ಅಂತ ನೋಡಿ ಸರಿಯಾದ ಪ್ರೇಯರ್ (ಆ ಹೊಡೆತ ತಡೆಯುವ ರಕ್ಷೆ) ಹಾಕಿಕೊಂಡರೆ ಏನೂ ಆಗುವುದಿಲ್ಲ. ತಪ್ಪಿದರೆ ಬಹಳ ಮಟ್ಟಿಗೆ ಕಥೆ ಮುಗಿಯಿತು, ಮತ್ತೆ ಒಂದನೇ ಅಲೆಯಿಂದ.

ನನಗೆ ಮೊದಲ ಸಲ ಕೈ ಎಷ್ಟು ನಡುಗಿತು ಅಂದರೆ ಮೌಸ್ ಪ್ರೇಯರ್ ಮೇಲೆ ನಿಲ್ಲುತ್ತಲೇ ಇರಲಿಲ್ಲ. ನಾಲ್ಕನೇ ಸಲಕ್ಕೆ ಗೆದ್ದೆ. ಈಗ ನೋಡಿದರೆ ಎಷ್ಟು ಸುಲಭ ಅಲ್ವಾ ಅನ್ನಿಸುತ್ತದೆ. ಮೂರು ಸಲ ಸತ್ತಾಗಲೂ ಆಟ ಮೋಸ ಮಾಡಿತು ಅಂತ ಅನ್ನಿಸಲಿಲ್ಲ. ಕಾಲು ಎತ್ತಿದ್ದು ಕಂಡಿತ್ತು. ನಾನೇ ತಡ ಮಾಡಿದ್ದೆ.

ಹಳೇಬೇರು:
👆 ಇದು. ಹೇಗೆ ಸತ್ತೆ ಅಂತ ಸತ್ತವನಿಗೆ ಗೊತ್ತಾಗಬೇಕು.

ಪಿಂಗ್‌ಪೀಡಿತ:
ಕಾಲು ಎತ್ತಿದ್ದು ಕಂಡಿತ್ತು ಅಂತೀರಲ್ಲ, ಪುಣ್ಯವಂತರು. ನನಗೆ ಕಾಣುವ ಹೊತ್ತಿಗೆ ಅದು ಕಾಲು ಇಳಿಸಿ ಮನೆಗೆ ಹೋಗಿರುತ್ತದೆ. ನನ್ನ ಪಿಂಗ್ (ಸರ್ವರ್‌ಗೆ ಸುದ್ದಿ ಹೋಗಿ ಬರುವ ಹೊತ್ತು) ಯಾವಾಗಲೂ 200 ಮಿಲಿಸೆಕೆಂಡ್ ಮೇಲೆ.

ಯಾರೂ ಈ ವಿಷಯ ಎತ್ತಲಿಲ್ಲ, ಹಾಗಾಗಿ ನಾನು ಎತ್ತುತ್ತೇನೆ. ಕಣ್ಣಿಗೆ ಕಂಡು ಬೆರಳು ಒತ್ತಲು ಮನುಷ್ಯನಿಗೆ ಹೆಚ್ಚು ಕಮ್ಮಿ ಕಾಲು ಸೆಕೆಂಡ್ ಬೇಕು. ಅದರ ಮೇಲೆ ನೆಟ್‌ವರ್ಕ್ ಹೋಗಿ ಬರುವ ಹೊತ್ತು. ಒಬ್ಬರೇ ಆಡುವ ಆಟದಲ್ಲಿ ಮೂರನೇ ಒಂದು ಸೆಕೆಂಡಿನ ಸುಳಿವು ಕೊಟ್ಟರೂ ನಡೆಯುತ್ತದೆ, ಆನ್‌ಲೈನ್‌ನಲ್ಲಿ ಅದು ಅನ್ಯಾಯ. ಅದಕ್ಕೇ ಒಳ್ಳೆಯ ಆನ್‌ಲೈನ್ ಆಟಗಳು ಈ ತಡವನ್ನೂ ಲೆಕ್ಕಕ್ಕೆ ಸೇರಿಸಿಕೊಂಡಿರುತ್ತವೆ. ರೂನ್‌ಸ್ಕೇಪ್‌ನಲ್ಲಿ ಎಲ್ಲವೂ 0.6 ಸೆಕೆಂಡಿನ ಟಿಕ್ (ಸರ್ವರ್ ಲೆಕ್ಕ ಹಾಕುವ ಒಂದು ಹೆಜ್ಜೆ) ಮೇಲೆ ನಡೆಯುತ್ತದೆ. ಆ ಟಿಕ್ ಮುಗಿಯುವ ಮುಂಚೆ ಒತ್ತಿದ್ದರೆ ಸಾಕು. ಜ್ಯಾಡ್ ನನಗೂ ಆಗಿದ್ದು ಅದಕ್ಕೇ. ವಾರ್‌ಕ್ರಾಫ್ಟ್‌ನಲ್ಲಿ ಒಂದು ಸ್ಪೆಲ್ ಮುಗಿಯುವ 400 ಮಿಲಿಸೆಕೆಂಡ್ ಮೊದಲೇ ಇನ್ನೊಂದನ್ನು ಒತ್ತಿ ಸಾಲಿನಲ್ಲಿ ನಿಲ್ಲಿಸಬಹುದು.

ಫೈನಲ್ ಫ್ಯಾಂಟಸಿ 14ರಲ್ಲಿ ಇನ್ನೊಂದು ಥರ. ಶತ್ರುವಿನ ಕಾಸ್ಟ್ ಬಾರ್ (ಹೊಡೆತ ಸಿದ್ಧವಾಗುವುದನ್ನು ತೋರಿಸುವ ಪಟ್ಟಿ) ತುಂಬಿದ ಕ್ಷಣದಲ್ಲಿ ಯಾರು ಎಲ್ಲಿದ್ದರು ಅಂತ ಸರ್ವರ್ ಬರೆದುಕೊಳ್ಳುತ್ತದೆ. ಬೆಂಕಿ, ಸ್ಫೋಟ ಎಲ್ಲ ಆಮೇಲೆ ಬರುವ ಸಿನಿಮಾ. ಗೊತ್ತಿಲ್ಲದ ಹೊಸಬರು "ನಾನು ಹೊರಗಿದ್ದೆ, ಆದರೂ ತಗುಲಿತು" ಅಂತ ಅಳುತ್ತಾರೆ. ಗೊತ್ತಿರುವವರು ಬಾರ್ ಮುಗಿದ ಕೂಡಲೇ ಬೆಂಕಿಯೊಳಗೇ ನಡೆದುಕೊಂಡು ಹೋಗಿ ಹೊಡೆಯಲು ಶುರು ಮಾಡುತ್ತಾರೆ. ನೋಡಲು ವಿಚಿತ್ರ, ಆದರೆ ಕಲಿತರೆ ಒಂದು ಮಜಾ ಇದೆ.

ಚಿಟಿಕೆ:
ಪಿಂಗ್ ಇರಲಿ, ಸದ್ದು ಮರೆತಿರಿ ಎಲ್ಲರೂ. ಕತ್ತಿ ತಗುಲಿದಾಗ "ಟಪ್" ಅಂದರೆ ಸಾಲದು, "ಧಡ್" ಅನ್ನಬೇಕು. ನನಗೆ ಅರ್ಧ ಖುಷಿ ಕಿವಿಯಲ್ಲೇ.

ಕೋಡ್‌ಕೀಟ:
ಚಿಟಿಕೆ ಹೇಳಿದ್ದು ಸಣ್ಣ ವಿಷಯ ಅಲ್ಲ. ಏಟು ತಗುಲಿದ ಕ್ಷಣ ಹೊಡೆದವನನ್ನೂ ಹೊಡೆಸಿಕೊಂಡವನನ್ನೂ ಕೆಲವು ಫ್ರೇಮ್ ನಿಲ್ಲಿಸಿಬಿಡುತ್ತಾರೆ. ಹಿಟ್‌ಸ್ಟಾಪ್ ಅಂತಾರೆ. ಕಣ್ಣಿಗೆ ನಿಂತದ್ದು ತಿಳಿಯುವುದಿಲ್ಲ, ಕೈಗೆ ಮಾತ್ರ ತೂಕ ತಿಳಿಯುತ್ತದೆ. ಆನ್‌ಲೈನ್‌ನಲ್ಲಿ ತೊಂದರೆ ಏನು ಅಂದರೆ ಒಬ್ಬ ಹೊಡೆದ ಅಂತ ಎಲ್ಲರ ಬಾಸ್‌ನೂ ನಿಲ್ಲಿಸಲು ಆಗುವುದಿಲ್ಲ. ನಲವತ್ತು ಜನ ಹೊಡೆದರೆ ಅದು ಫೋಟೋ ಆಗುತ್ತದೆ. ಹಾಗಾಗಿ ಹೊಡೆದವರ ಪರದೆಯಲ್ಲಿ ಮಾತ್ರ ಮಾಡಿ, ಸರ್ವರ್‌ನಲ್ಲಿ ಎಂದಿನಂತೆ ನಡೆಸಬೇಕು. ಇದನ್ನು ಮಾಡಿದವನಿಗೆ ಗೊತ್ತು ತಲೆನೋವು.

ನಾಲ್ಕನೇಸಾಲು:
ಸುಳಿವು ಕೊಡಬೇಕು ಅಂತ ಎಲ್ಲರೂ ತಲೆ ಆಡಿಸುತ್ತಿದ್ದೀರಿ, ನಾನು ಸ್ವಲ್ಪ ಜಗಳ ಆಡುತ್ತೇನೆ.

ಸುಳಿವು ಜಾಸ್ತಿ ಆದರೂ ಹೊಡೆದಾಟ ಸಾಯುತ್ತದೆ. ವೈಲ್ಡ್‌ಸ್ಟಾರ್ ನೆನಪಿದೆಯಾ? 2014ರಲ್ಲಿ ಬಂತು, 2018ರಲ್ಲಿ ಮುಚ್ಚಿತು. ಅದರಲ್ಲಿ ಹೆಚ್ಚು ಕಮ್ಮಿ ಎಲ್ಲ ಹೊಡೆತಕ್ಕೂ ನೆಲದ ಮೇಲೆ ಬಣ್ಣ ಬಳಿಯುತ್ತಿದ್ದರು, ಶತ್ರುವಿನದ್ದಕ್ಕೂ ನಮ್ಮದಕ್ಕೂ. ಮೊದಲ ವಾರ ಭಾರಿ ಖುಷಿ. ಆಮೇಲೆ ಗೊತ್ತಾಯಿತು, ನಾನು ಮಾನ್‌ಸ್ಟರ್ ಮುಖವನ್ನೇ ನೋಡುತ್ತಿಲ್ಲ. ನೆಲ ನೋಡುತ್ತಿದ್ದೇನೆ. ಮೇಲೆ ರಾಕ್ಷಸ ಇದ್ದರೂ ಒಂದೇ, ಕುರ್ಚಿ ಇದ್ದರೂ ಒಂದೇ. ಅಷ್ಟು ಕಷ್ಟಪಟ್ಟು ಅನಿಮೇಷನ್ ಮಾಡಿದವರನ್ನು ನೆನೆದರೆ ಪಾಪ ಅನ್ನಿಸುತ್ತದೆ. ಜ್ಯಾಡ್ ಚೆನ್ನಾಗಿರುವುದು ಸುಳಿವು ಅದರ ಮೈಯಲ್ಲೇ ಇರುವುದರಿಂದ. ನೆಲದಲ್ಲಿ ಕೆಂಪು ವೃತ್ತ ಬಂದಿದ್ದರೆ ನೀಲಿಗರಿ ಕೈ ನಡುಗುತ್ತಿತ್ತಾ?

ಮದ್ದುಡಬ್ಬಿ:
ನಾಲ್ಕನೇಸಾಲು, ಅದನ್ನು ಹೀಲರ್‌ಗೆ ಹೇಳಿ. ನಾನು ನೆಲವನ್ನೂ ನೋಡುವುದಿಲ್ಲ, ಮಾನ್‌ಸ್ಟರ್ ಮುಖವನ್ನೂ ನೋಡುವುದಿಲ್ಲ. ಜೊತೆಗಾರರ ಹೆಲ್ತ್ ತೋರಿಸುವ ಎಂಟು ಹಸಿರು ಪಟ್ಟಿ ನೋಡುತ್ತೇನೆ. ಯಾವುದು ಕುಗ್ಗಿತೋ ಅದಕ್ಕೆ ಮದ್ದು. ಒಂದು ಬಾಸ್‌ನ ಹನ್ನೊಂದು ಸಲ ಕೊಂದ ಮೇಲೆ ಒಮ್ಮೆ ತಲೆ ಎತ್ತಿ ನೋಡಿದೆ, ಅದಕ್ಕೆ ರೆಕ್ಕೆ ಇತ್ತು. ನನಗೆ ಗೊತ್ತೇ ಇರಲಿಲ್ಲ.

ನೆಲದ ಬಣ್ಣ ಇಲ್ಲದಿದ್ದರೆ ನಮ್ಮಂಥವರು ಉಳಿಯುವುದಿಲ್ಲ. ಹತ್ತು ಜನ ಒಟ್ಟಿಗೆ ಮಿಂಚು ಗುಡುಗು ಹಾರಿಸುವಾಗ ಮಾನ್‌ಸ್ಟರ್ ಕಾಲು ಎತ್ತಿದ್ದು ಯಾರಿಗೆ ಕಾಣುತ್ತದೆ? ಜ್ಯಾಡ್ ಹತ್ತಿರ ನೀವು ಒಬ್ಬರೇ ಇರುತ್ತೀರಿ ಅನ್ನುವುದನ್ನು ಮರೀಬೇಡಿ.

ನಾಲ್ಕನೇಸಾಲು:
ಆ ಕೊನೆಯ ಮಾತು ಸರಿ. ಗುಂಪಿನಲ್ಲಿ ಮಿಂಚು ಗುಡುಗು ನಿಜವಾದ ತೊಂದರೆ. ಅರ್ಧ ಹಿಂದೆ ಸರಿದೆ.

ರಾತ್ರಿಪಾಳಿ:
ರೆಕ್ಕೆ 😂😂

ಕತ್ತಲಕೋಣೆ:
ಬುದ್ಧಿವಂತ ಶತ್ರು ಬೇಕಾದರೆ ಪಿವಿಪಿ ಆಡಿ, ಎದುರಿಗೆ ಮನುಷ್ಯರೇ ಇರುತ್ತಾರೆ. ಇಷ್ಟು ಚರ್ಚೆ ಯಾಕೆ?

ಗುರಾಣಿಗಾರ:
ಆಡಿದ್ದೇನೆ. ಎದುರಿನವನು ಮೂರು ನಿಮಿಷ ಒಂದು ಕಂಬದ ಸುತ್ತ ಕುಣಿದ. ಆಮೇಲೆ ಬೈದು ಆಟ ಬಿಟ್ಟು ಹೋದ. ಮಾನ್‌ಸ್ಟರ್ ಹಾಗೆಲ್ಲ ಮಾಡುವುದಿಲ್ಲ, ಮರ್ಯಾದೆಯಿಂದ ಸಾಯುತ್ತದೆ. ಚೆನ್ನಾಗಿ ಕಾದಾಡಿ ಕೊನೆಗೆ ಸೋಲುವುದೇ ಅದರ ಉದ್ಯೋಗ. ಮನುಷ್ಯರಿಗೆ ಆ ಉದ್ಯೋಗ ಯಾರೂ ಕೊಟ್ಟಿಲ್ಲ.

ದೂರದರ್ಶಕ:
ಕೋಡ್‌ಕೀಟ ಅವರ ಮೊದಲ ಪೋಸ್ಟ್‌ಗೆ ಒಂದು ತಕರಾರು. ಜಾಣ ಶತ್ರು ಬಂದರೆ ಪದ್ಧತಿ ಬೀಳುತ್ತದೆ ಅಂದಿರಿ. ಈವ್ ಆನ್‌ಲೈನ್ ಅನ್ನುವ ಬಾಹ್ಯಾಕಾಶ ಹಡಗುಗಳ ಆಟದಲ್ಲಿ ಬೀಳಲಿಲ್ಲ.

ಅದರ ಹಳೆಯ ಶತ್ರು ಹಡಗುಗಳು ದಡ್ಡ. ಮೊದಲು ಕಂಡವನನ್ನೇ ಹೊಡೆಯುತ್ತಾ ಕೂರುತ್ತಿದ್ದವು. 2009ರ ಮಾರ್ಚ್‌ನಲ್ಲಿ ಅಪಾಕ್ರಿಫಾ ಅನ್ನುವ ವಿಸ್ತರಣೆ ಬಂದಾಗ ವರ್ಮ್‌ಹೋಲ್‌ಗಳ ಒಳಗೆ ಸ್ಲೀಪರ್ ಅನ್ನುವ ಹೊಸ ಶತ್ರುಗಳನ್ನು ಬಿಟ್ಟರು. ಇವು ಗುರಿ ಬದಲಿಸುತ್ತವೆ. ದೂರದಿಂದ ಜೊತೆಗಾರರನ್ನು ರಿಪೇರಿ ಮಾಡುವ ಹಡಗಿನ ಮೇಲೂ ಬೀಳುತ್ತವೆ, ಅಂದರೆ ಮದ್ದುಡಬ್ಬಿ ಅವರ ಮೇಲೆ. ಜನ ಏನು ಮಾಡಿದರು? ಒಬ್ಬನೇ ಟ್ಯಾಂಕ್ ಅನ್ನುವುದನ್ನು ಬಿಟ್ಟರು. ಯಾರ ಮೇಲೆ ಬಿದ್ದರೂ ಉಳಿದವರು ರಿಪೇರಿ ಮಾಡುವ ಹಾಗೆ ಹಡಗು ಜೋಡಿಸಿಕೊಂಡರು. ಅಲ್ಲಿ ಸಿಗುವ ಮಾಲಿಗೆ ಬೆಲೆ ಇತ್ತು, ಹೋಗುವವರು ಸಿದ್ಧರಾಗಿಯೇ ಹೋಗುತ್ತಿದ್ದರು.

ಅಂದರೆ ಜಾಣ ಶತ್ರು ಎಲ್ಲಿ ಇರಬೇಕು ಅನ್ನುವುದು ಪ್ರಶ್ನೆ. ನಲವತ್ತು ತೋಳದ ಕ್ವೆಸ್ಟ್‌ನಲ್ಲಿ ಜಾಣ ತೋಳ ಬಂದರೆ ಒಂಟಿಸಲಗ ಹತ್ತನೇ ತೋಳಕ್ಕೆ ಆಟ ಡಿಲೀಟ್ ಮಾಡುತ್ತಾರೆ.

ಕೋಡ್‌ಕೀಟ:
ಸರಿಯಾದ ತಕರಾರು, ತಪ್ಪೊಪ್ಪಿಕೊಂಡೆ. ನನ್ನ ಮಾತು ಟ್ಯಾಂಕ್ ಮೇಲೆ ನಿಂತ ಆಟಗಳಿಗೆ ಮಾತ್ರ.

ನೀಲಿಗರಿ:
ಒಂಟಿಸಲಗ ಅವರ ತೋಳಕ್ಕೆ ಔಷಧಿ ಬುದ್ಧಿ ಅಲ್ಲ, ಜೊತೆ. ಒಂದೇ ಥರದ ನಾಲ್ಕು ತೋಳ ಬಂದರೆ ನಾಲ್ಕು ಪಟ್ಟು ಬೋರು. ಒಬ್ಬ ಗುರಾಣಿ ಹಿಡಿದವನು, ಹಿಂದೆ ಒಬ್ಬ ಬಿಲ್ಲುಗಾರ, ಮೂಲೆಯಲ್ಲಿ ಅವರಿಗೆ ಮದ್ದು ಹಾಕುವ ಒಬ್ಬ ಮಾಂತ್ರಿಕ: ಮೂವರೂ ದಡ್ಡರೇ ಇರಲಿ, ಈಗ ನೀವು ಯೋಚಿಸಬೇಕು. ಯಾರನ್ನು ಮೊದಲು? ಸಿಟಿ ಆಫ್ ಹೀರೋಸ್ 2004ರಲ್ಲಿ ಬಂದಾಗ ಒಬ್ಬ ಹೀರೋಗೆ ಮೂರು ಸಾಧಾರಣ ಶತ್ರು ಅನ್ನುವುದೇ ಅದರ ಲೆಕ್ಕ. ಒಬ್ಬೊಬ್ಬರ ಜೊತೆ ಕುಸ್ತಿ ಅಲ್ಲ, ಗುಂಪಿನ ಮಧ್ಯೆ ನುಗ್ಗುವುದು. ಅದು ಎಷ್ಟು ಬೇರೆ ಅನ್ನಿಸುತ್ತಿತ್ತು ಗೊತ್ತಾ.

ಹಳೇಬೇರು:
ಅದರ ಜೊತೆಗೆ 2005ರ ಗಿಲ್ಡ್ ವಾರ್ಸ್ ಸೇರಿಸಿ. ನಮಗೆ ಬಾರ್‌ನಲ್ಲಿ ಎಂಟೇ ಸ್ಕಿಲ್. ಶತ್ರುಗಳೂ ಹೆಚ್ಚಾಗಿ ನಮ್ಮ ಸ್ಕಿಲ್‌ಗಳನ್ನೇ ಬಳಸುತ್ತಿದ್ದವು. ಎದುರಿನವನು ಕೈ ಎತ್ತಿದ ಕೂಡಲೇ "ಓಹೋ, ಅದು" ಅಂತ ಹೆಸರು ಹಿಡಿದು ಗುರುತಿಸಬಹುದಿತ್ತು, ಮುಗಿಯುವ ಮುಂಚೆ ತಡೆಯಬಹುದಿತ್ತು. ಬಾಸ್‌ನ ಕೊಂದು ಅದರ ವಿಶೇಷ ಸ್ಕಿಲ್ ಕಲಿತುಕೊಳ್ಳುವುದಂತೂ ಬೇರೆ ಯಾವ ಆಟದಲ್ಲೂ ನನಗೆ ಅಷ್ಟು ಇಷ್ಟವಾಗಿಲ್ಲ. ಯಾವುದು ನಿನ್ನನ್ನು ಕೊಂದಿತ್ತೋ ಅದು ಈಗ ನಿನ್ನ ಕೈಯಲ್ಲಿ.

ಚಿಟಿಕೆ:
ಗಿಲ್ಡ್ ವಾರ್ಸ್ 2ರಲ್ಲಿ ಡಾಡ್ಜ್ ಇದೆಯಲ್ಲ, ಹಾರಿ ಏಟು ತಪ್ಪಿಸಿಕೊಳ್ಳುವುದು, ಅದು ನನಗೆ ಇಷ್ಟ. ಡಾಡ್ಜ್‌ಗೆ ಶಕ್ತಿ ಬೇಕು, ಸುಮ್ನೆ ಹಾರಿದರೆ ಬೇಕಾದಾಗ ಇರುವುದಿಲ್ಲ. 2015ರಲ್ಲಿ ಬಾಸ್‌ಗಳಿಗೆ ನೀಲಿ ಪಟ್ಟಿ ಬಂತು. ಎಲ್ಲರೂ ಸೇರಿ ತಮ್ಮ ಸ್ಟನ್, ಫ್ರೀಜ್ ಎಲ್ಲ ಹಾಕಿದರೆ ಪಟ್ಟಿ ಒಡೆದು ಅದು ಕುಸಿದು ಬೀಳುತ್ತದೆ. ಆ ಬೀಳುವ ಸದ್ದು!! ಮೊದಲೇ ಹೇಳಿದೆನಲ್ಲ, ಕಿವಿ.

ಕತ್ತಲಕೋಣೆ:
ಶತ್ರುವಿನ ನಡತೆ ಅಂದಕೂಡಲೇ ಯಾರಾದರೂ ಕರಪ್ಟೆಡ್ ಬ್ಲಡ್ ತೆಗೆಯುತ್ತಾರೆ ಅಂತ ಕಾಯುತ್ತಿದ್ದೆ. ಯಾರೂ ತೆಗೆಯಲಿಲ್ಲ, ನಾನೇ ತೆಗೆಯುತ್ತೇನೆ.

2005ರ ಸೆಪ್ಟೆಂಬರ್, ವಾರ್‌ಕ್ರಾಫ್ಟ್. ಹಕ್ಕರ್ ಅನ್ನುವ ಬಾಸ್ ಆಟಗಾರರಿಗೆ ಒಂದು ರೋಗ ಅಂಟಿಸುತ್ತಿತ್ತು, ಪಕ್ಕದವರಿಗೂ ಹರಡುತ್ತಿತ್ತು. ರೇಡ್ (ಗುಂಪಾಗಿ ಹೋಗಿ ಹೊಡೆಯುವ ಜಾಗ) ಒಳಗೆ ಮುಗಿಯಬೇಕಿತ್ತು. ಬೇಟೆಗಾರರ ಸಾಕುಪ್ರಾಣಿಗಳಿಗೂ ಅಂಟಿ, ಅವನ್ನು ಒಳಗಿಟ್ಟು ಆಮೇಲೆ ನಗರದಲ್ಲಿ ಹೊರಗೆ ಕರೆದಾಗ ರೋಗವೂ ಬಂತು. ಅಂಗಡಿ ಇಟ್ಟುಕೊಂಡ ಎನ್‌ಪಿಸಿಗಳಿಗೆ (ಆಟವೇ ನಡೆಸುವ ಪಾತ್ರಗಳಿಗೆ) ಅಂಟಿದರೂ ಅವರು ಸಾಯುತ್ತಿರಲಿಲ್ಲ, ಹಂಚುತ್ತಿದ್ದರು. ಚಿಕ್ಕ ಲೆವೆಲ್‌ನವರು ಕಾಲಿಟ್ಟ ಕೂಡಲೇ ಸತ್ತರು. ಬೀದಿ ತುಂಬ ಎಲುಬು. ಮುಂದೆ 2007ರಲ್ಲಿ ಸಾಂಕ್ರಾಮಿಕ ರೋಗದ ತಜ್ಞರು ಇದರ ಮೇಲೆ ಪ್ರಬಂಧ ಬರೆದರು. ಯಾವ ಎಐ ಮಾಡಿತು ಇದನ್ನು? ಯಾವುದೂ ಅಲ್ಲ. ಒಂದು ನಿಯಮ ಬೇಲಿ ಹಾರಿತು.

ರಾತ್ರಿಪಾಳಿ:
ಬೇಲಿ ಹಾರಿದ್ದು ಹೊಡೆದಾಟ ಹೇಗೆ ಆಗುತ್ತದೆ? ವಿಷಯಕ್ಕೆ ಬನ್ನಿ.

ಹಳೇಬೇರು:
ವಿಷಯ ಬಿಟ್ಟಾಗಿದೆ, ನಂದೂ ಒಂದು. ಎವರ್‌ಕ್ವೆಸ್ಟ್‌ನ ಕೆರಾಫಿರ್ಮ್. ಯಾರೂ ಕೊಲ್ಲಬಾರದು ಅಂತಲೇ ಮಾಡಿದ ಡ್ರ್ಯಾಗನ್. 2003ರ ನವೆಂಬರ್‌ನಲ್ಲಿ ಒಂದು ಸರ್ವರ್‌ನ ಮೂರು ಗಿಲ್ಡ್ (ಆಟಗಾರರ ಸಂಘ) ಸೇರಿ, ಇನ್ನೂರು ಜನರ ಹತ್ತಿರ, ಸುಮಾರು ಮೂರು ಗಂಟೆ ಹೊಡೆದು ಕೊಂದೇಬಿಟ್ಟರು. ಸಾಯುವುದು, ಎಬ್ಬಿಸಿಕೊಳ್ಳುವುದು, ಮತ್ತೆ ಹೋಗಿ ಸಾಯುವುದು. ಹೊಡೆದಾಟ ಅಂತ ನೋಡಿದರೆ ಒಂದು ಚೂರೂ ಚೆನ್ನಾಗಿಲ್ಲ. ಆದರೂ ಅಲ್ಲಿ ಇರಬೇಕಿತ್ತು ಅಂತ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಮದ್ದುಡಬ್ಬಿ:
ಉದ್ದದ ವಿಷಯ ಬಂದರೆ ಫೈನಲ್ ಫ್ಯಾಂಟಸಿ 11ರ ಪ್ಯಾಂಡಮೋನಿಯಂ ವಾರ್ಡನ್ ಇದೆ. 2008ರಲ್ಲಿ ಒಂದು ಗುಂಪು 18 ಗಂಟೆಗೂ ಹೆಚ್ಚು ಹೊಡೆದು, ಜನಕ್ಕೆ ಮೈ ಹುಷಾರು ತಪ್ಪಿ, ಕೊಲ್ಲದೆ ಎದ್ದು ಬಂದರು. ಆಮೇಲೆ ಕಂಪನಿಯವರು ಆ ಬಾಸ್‌ನ ತಿದ್ದಿದರು. ಹೆಲ್ತ್ ಡಬಲ್ ಮಾಡಿ ಅಂದವರು ದಯವಿಟ್ಟು ಓದಿ.

ಗುರಾಣಿಗಾರ:
ನಾನು ಡಿಫಿಕಲ್ಟಿ ಅಂದೆ. ಹೆಲ್ತ್ ಅನ್ನಲಿಲ್ಲ.

ಮದ್ದುಡಬ್ಬಿ:
ಬಹಳ ಆಟಗಳಿಗೆ ಎರಡೂ ಒಂದೇ ಪದ, ಅದೇ ಅಲ್ವಾ ಗೋಳು.

ಒಂಟಿಸಲಗ:
ಎರಡು ದಿನ ಬರಲು ಆಗಲಿಲ್ಲ, ಈಗ ಎಲ್ಲ ಓದಿದೆ. ಪಕ್ಕದ ಪರದೆ ಆರಿಸಿ ಒಂದು ಪ್ರಯೋಗ ಮಾಡಿದೆ. ಡಕಾಯಿತರ ಬಿಡಾರಕ್ಕೆ ಹೋದೆ, ನನ್ನ ಲೆವೆಲ್‌ಗಿಂತ ಮೂರು ಜಾಸ್ತಿ ಇರುವ ಜಾಗ.

ಮೊದಲ ಸಲ ನೇರ ನುಗ್ಗಿದೆ, ಸತ್ತೆ. ಎರಡನೇ ಸಲ ಬರೀ ನೋಡಿದೆ. ಬಿಲ್ಲುಗಾರ ಹೊಡೆಯುವ ಮುಂಚೆ ಒಂದು ಹೆಜ್ಜೆ ಹಿಂದೆ ಇಡುತ್ತಾನೆ. ಮೂರು ತಿಂಗಳು ಇದನ್ನು ನೋಡಿಯೇ ಇರಲಿಲ್ಲ. ಆಮೇಲೆ ಒಂದು ಬಂಡೆಯ ಹಿಂದೆ ನಿಂತೆ. ನಾನು ಕಾಣದಿದ್ದರೆ ಅವನು ಬಾಣ ಬಿಡಲು ಆಗದೆ ನಡೆದುಕೊಂಡು ಹತ್ತಿರವೇ ಬರುತ್ತಾನೆ! ಕತ್ತಿಯವನೂ ಅವನೂ ಒಂದೇ ಕಡೆ ಸಿಕ್ಕರು. ಇಬ್ಬರನ್ನೂ ಒಟ್ಟಿಗೆ ಹೊಡೆದೆ. ಆಮೇಲೆ ಮೂರನೆಯವನು ಎಲ್ಲಿಂದಲೋ ಬಂದು ನನ್ನನ್ನು ಹೊಡೆದ.

ಒಟ್ಟು ಐದು ಸಲ ಸತ್ತೆ. ಒಂದೂವರೆ ಗಂಟೆ ಹೋಯಿತು. ಕ್ವೆಸ್ಟ್ ಏನೂ ಇರಲಿಲ್ಲ ಅಲ್ಲಿ.

ಕೋಡ್‌ಕೀಟ:
ಬಂಡೆಯ ಹಿಂದೆ ನಿಲ್ಲುವುದು ನಾವು ಬರೆದದ್ದಲ್ಲ, ಆಟಗಾರರು ಕಂಡುಕೊಂಡದ್ದು. ಎಷ್ಟೋ ಕಡೆ ಡಿಸೈನರ್‌ಗಳು ಆಮೇಲೆ ಅದಕ್ಕೆಂದೇ ಬಂಡೆ ಇಡಲು ಶುರು ಮಾಡಿದರು.

ಮದ್ದುಡಬ್ಬಿ:
ಮತ್ತೆ ತೋಳಗಳು?

ಒಂಟಿಸಲಗ:
ತೋಳ ಬಂಡೆಯ ಹಿಂದೆಯೂ ಬಂದು ಅದೇ ಥರ ನಿಂತು ಕಚ್ಚಿತು.